ಬಾರದ್ದರ ಬಾಬ್ತು

ಗಲ್ಲಾಪೆಟ್ಟಿಗೆಯ ಮುಂದೆ ಹತ್ತೊಂಬತ್ತು ವರ್ಷ.
ನಾಣ್ಯ ಬಿದ್ದ ಸದ್ದಿಗೇ ಗೊತ್ತಾಗುತ್ತದೆ
ಎರಡೋ, ಐದೋ.
ಮಾತುಂಗಾದ ಈ ಹೋಟೆಲಿನಲ್ಲಿ
ಸಾಂಬಾರು ತೆಳ್ಳಗಾದ ದಿನಗಳುಂಟು,
ಲೆಕ್ಕ ತೆಳ್ಳಗಾದದ್ದಿಲ್ಲ.

ಸಿಬ್ಬಂದಿಗೆಲ್ಲ ಸೇರಿಸಿ ಪೂಂಜರು ಕಟ್ಟುವ ವಿಮೆ.
ಕಾರ್ಡಿನ ಹಿಂದಿದ್ದ ನಂಬರಿಗೆ
ಹಿತ್ತಲ ಬಾಗಿಲಲ್ಲಿ, ತೆಂಗಿನಕಾಯಿ ಮೂಟೆಗೆ ಒರಗಿ
ಫೋನು ಮಾಡಿದೆ.
ಆಸ್ಪತ್ರೆಗೆ ದಾಖಲಾಗಿದ್ದೀರಾ ಸರ್?
ಇಲ್ಲ.
ಕಾಯಿಲೆ ಏನು?
ಇಲ್ಲ. ಬಾರದಿರಲಿ ಅಂತ ಮಾತ್ರೆ. ದಿನಕ್ಕೊಂದು.
ಅತ್ತ ಸ್ವಲ್ಪ ಹೊತ್ತು ಬರೀ ಟೈಪಿನ ಸದ್ದು.
ಬಾರದ್ದಕ್ಕೆ ಕಾಲಂ ಇಲ್ಲ ಸರ್.
ಪಾಪ, ದನಿ ತಗ್ಗಿಸಿಯೇ ಅಂದಳು.
ಬಂದರೆ ಫೋನ್ ಮಾಡಿ, ಅನ್ನಲು ಹೊರಟು
'ಬಂದರೆ' ಅಲ್ಲೇ ನಿಲ್ಲಿಸಿದಳು.

ದಾಮುವಿಗೆ ಬಂದಿದೆ. ಏಳು ವರ್ಷವಾಯಿತು.
ಸಸೂನ್ ಡಾಕಿನಲ್ಲಿ ಐಸು ಒಡೆಯುತ್ತಾನೆ,
ನಾನು ಎರಡು ಕೈಲಿ ಎತ್ತುವುದನ್ನು ಒಂದರಲ್ಲಿ ಎತ್ತುತ್ತಾನೆ.
ಅವನ ಡಬ್ಬಿ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.
ನನ್ನದು ಅಂಗಡಿಯಲ್ಲಿ ಸಾವಿರದ ಎಂಟುನೂರ ತೊಂಬತ್ತು.
ಬಂದವನಿಗೆ ಉಚಿತ, ಬಾರದವನಿಗೆ ಬಿಲ್ಲು.
ಒಂದೇ ಗೂಡಿನಲ್ಲಿ, ಕನ್ನಡಿಯ ಹಿಂದೆ,
ಎರಡು ಡಬ್ಬಿಗಳು ಮಾತ್ರ
ಪರಸ್ಪರ ದರ ಕೇಳಿಕೊಳ್ಳದೆ ನಿಂತಿವೆ.

ಅವನ ರಕ್ತದಲ್ಲೀಗ ಅದು ಕಾಣಿಸುವುದೇ ಇಲ್ಲ,
ನಿಮಗೆ ಬೇಕೆಂದೇನಿಲ್ಲ, ಎಂದರು ಡಾಕ್ಟರು.
ಇರಲಿ, ಎಂದೆ.
ದಾಮು ಮಾತ್ರೆ ಮರೆಯುತ್ತಾನೆ, ಛತ್ರಿ ಮರೆಯುತ್ತಾನೆ,
ಒಮ್ಮೆ ಲೋಕಲ್ಲಿನಲ್ಲಿ ಚಪ್ಪಲಿ ಮರೆತು ಬಂದಿದ್ದ.
ನಾನೋ, ಗಲ್ಲಾಕ್ಕೆ ಎರಡು ಬೀಗ ಹಾಕುವವನು.

ಅರ್ಧ ನಾನು ಕೊಡ್ತೇನೆ, ಅಂದ.
ಕೊಟ್ಟ. ಮೀನಿನ ವಾಸನೆಯ ನೋಟುಗಳು.
ಶುದ್ಧ ಸಸ್ಯಾಹಾರಿ ಬೋರ್ಡಿನ ಕೆಳಗೆ ಕೂತು
ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡೆ,
ಇಡೀ ದಿನ ನಾನೇ ಬಂಗುಡೆಯಂತೆ ಘಮ್ಮೆಂದೆ.

ಜೂನಿನಲ್ಲಿ ದೋಣಿಗಳು ದಡಕ್ಕೆ. ಆಗ ಅವನ ಅರ್ಧ?
ಬೈಕಲಾದಲ್ಲೊಂದು ಟ್ರಸ್ಟು ಕಾಲು ಭಾಗ ಕೊಡುತ್ತದಂತೆ.
ಫಾರಂ ನಾಲ್ಕು ಪುಟ.
ಉಳಿದ ಹಣ ಕೊಡುವವರು ಯಾರು?
ನಿಮಗೆ ಅವರು ಏನಾಗಬೇಕು?
ಪೆನ್ನು ಅಲ್ಲೇ ನಿಂತಿತು. ಹಿಂದೆ ಸರತಿಯ ಜನ.
ಮೊತ್ತದ ಕಾಲಂನಲ್ಲಿ ಬರೆಯಬೇಕಾದ್ದು
ಸಂಬಂಧದ ಕಾಲಂನಲ್ಲಿ ಬಿತ್ತು:
ಅರ್ಧ.
ಹೊಡೆದುಹಾಕಲಿಲ್ಲ.

ವಿಮೆಯವರ 'ಇಲ್ಲ' ಲಕೋಟೆಯಲ್ಲಿಯೂ ಬಂತು,
ಹೋಟೆಲಿನ ವಿಳಾಸಕ್ಕೆ.
ಯಾರೋ ಒಡೆದು, ಓದಿ,
ಅನ್ನದ ಅಗುಳು ಒತ್ತಿ ಮತ್ತೆ ಅಂಟಿಸಿದ್ದರು.
ದಿನಕ್ಕೆ ನಲವತ್ತು ಕಿಲೋ ಅಕ್ಕಿ ಬೇಯುವ ಮನೆಯಲ್ಲಿ
ಯಾರ ಅಗುಳೆಂದು ಹುಡುಕಲಿ?
ಪೂಂಜರು ಎಂದಿನಂತೆ ಕೆಮ್ಮಿದರು.
ಭಟ್ಟರು ಎಂದಿನಂತೆ ಒಗ್ಗರಣೆಗೆ ಬೈದರು.
ಮೂರನೇ ದಿನ ಗಲ್ಲಾದ ಪಕ್ಕ ಒಂದು ಹೊಸ ಸ್ಟೀಲು ಲೋಟ,
ಬುಡದಲ್ಲಿ ಕೊರೆದಿತ್ತು: ದೇ.
ದೇಜಪ್ಪನ ದೇ.
ರಾತ್ರಿ ಹತ್ತಕ್ಕೆ ಅದರಲ್ಲಿ ಬಿಸಿನೀರು ತುಂಬಿರುತ್ತದೆ.
ಕಕ್ಕುಲಾತಿಯೋ, ಮೈಲಿಗೆಯೋ,
ಈ ಲೆಕ್ಕ ಇನ್ನೂ ತಾಳೆಯಾಗಿಲ್ಲ.
ನೀರು ಮಾತ್ರ ಕುಡಿಯುತ್ತೇನೆ.

ನನ್ನ ಖಾಸಗಿ ಖಾತೆಪುಸ್ತಕದಲ್ಲಿ
ಖೋಲಿ ಬಾಡಿಗೆ, ಊರಿಗೆ ಮನಿಯಾರ್ಡರು,
ಇವುಗಳ ಕೆಳಗೆ ಹೊಸದೊಂದು ಸಾಲು:
ಬಾರದ್ದರ ಬಾಬ್ತು.

ಡಬ್ಬಿಗೆ ಮೂವತ್ತು. ತಿಂಗಳಿಗೆ ಮೂವತ್ತೊಂದೂ ಉಂಟು.
ಕಂಪನಿಯವನು ಪಂಚಾಂಗ ನೋಡಿದವನಲ್ಲ.
ವರ್ಷಕ್ಕೆ ಹನ್ನೆರಡು ಡಬ್ಬಿ ಮುಗಿದ ಮೇಲೂ
ಐದು ರಾತ್ರಿಗಳು ಹೊರಗೆ ನಿಂತಿರುತ್ತವೆ.
ಜನವರಿ ಮೂವತ್ತೊಂದಕ್ಕೇ ಎರಡನೆಯದನ್ನು ಒಡೆದೆ.
ಇವತ್ತು ಫೆಬ್ರವರಿ ಇಪ್ಪತ್ತೆಂಟು.
ಶಟರು ಎಳೆದಾಯಿತು. ನುಂಗಿಯಾಯಿತು.
ಡಬ್ಬಿ ಅಲ್ಲಾಡಿಸಿದೆ,
ಸದ್ದಿಗೇ ಗೊತ್ತಾಯಿತು.

ಮುಂದಕ್ಕೆ ತಂದ ಬಾಕಿ: ಒಂದು.